‘ಏನೂ ಇಲ್ಲ, ಅವ್ವ ತೀರಿಕೊಂಡರು ಅಷ್ಟೇ’: ಕೊಡಗು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ

ವಿಷಯ: ಬೌದ್ಧಿಕ ಅಂಗವೈಕಲ್ಯ ಇರುವವರ ಮನಸ್ಸಿನ ಆರೋಗ್ಯದ ಬಗ್ಗೆ

ಮಾನ್ಯರೇ,

ನಾನು ಮಾದಾಪುರ ಕಡೆಯವಳು. ಮೂರು ಎಕರೆ ಕಾಫಿ ತೋಟ, ಒಂದಿಷ್ಟು ಕಾಳುಮೆಣಸು. ಜೊತೆಗೆ ನನ್ನ ತಮ್ಮ. ಅವನಿಗೆ ಈಗ 36 ವರ್ಷ, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮೂರಲ್ಲಿ ಅವನನ್ನು ಗೊತ್ತಿಲ್ಲದವರಿಲ್ಲ, ಹೊರಗಿನವರಿಗೆ ಹೆಸರು ಬೇಕಾಗಿಲ್ಲ.

ಕಾಫಿ ಕುಯ್ಲಿನ ಕಾಲದಲ್ಲಿ ಕಣ ಅವನದ್ದು. ಹಣ್ಣು ಹರಡುವುದು, ಗೋರೆಯಲ್ಲಿ ತಿರುವುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ ನಾಲ್ಕು ಮೂಲೆಗೂ ಕಲ್ಲು ಇಡುವುದು. ಮೂಟೆ ಎಣಿಸಲು ಹೇಳಿದರೆ ಏಳರ ನಂತರ ಹನ್ನೊಂದು ಬರುತ್ತದೆ. ಆದರೆ ಕಣಕ್ಕೆ ಒಂದು ಕೋಳಿ ಕಾಲಿಡಲು ಬಿಡುವುದಿಲ್ಲ. ನಮ್ಮ ಅವ್ವ ಹೇಳುತ್ತಿದ್ದರು, ‘ಇವನೊಬ್ಬ ಇದ್ದರೆ ಎರಡು ಆಳು ಇದ್ದ ಹಾಗೆ’ ಅಂತ. ಸಂಜೆ ಅವ್ವ ತೋಟದಿಂದ ಬಂದು ಗಂಬೂಟು ಕಳಚಿದ ಕೂಡಲೇ ಅವನು ಅದನ್ನು ಎತ್ತಿ, ಮಣ್ಣು ಕೊಡವಿ, ಜಗಲಿಯ ಮೂಲೆಯಲ್ಲಿ ಜೋಡಿಸಿ ಇಡುತ್ತಿದ್ದ. ಎಡ ಬಲ ಒಂದು ದಿನವೂ ತಪ್ಪುತ್ತಿರಲಿಲ್ಲ.

ಹೋದ ವರ್ಷದ ಹಿಂದಿನ ಜನವರಿಯಲ್ಲಿ ಅವ್ವನಿಗೆ ಎದೆನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋದೆವು. ಮೂರನೇ ದಿನ ಅಲ್ಲೇ ತೀರಿಕೊಂಡರು.

ಈಗ ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರದ್ದು. ಅವ್ವನನ್ನು ಮನೆಗೆ ತರುವ ಮೊದಲೇ ತಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆವು. ‘ಅವನಿಗೆ ಅರ್ಥ ಆಗಲ್ಲ, ಸುಮ್ನೆ ಗಲಾಟೆ ಯಾಕೆ’ ಅಂತ ಹಿರಿಯರು ಹೇಳಿದರು. ನಾನೂ ಹೂಂ ಅಂದೆ. ನಮ್ಮ ತೋಟದಲ್ಲೇ ಸಂಸ್ಕಾರ ಆಯಿತು. ಐದನೇ ದಿನ ಅವನು ಮನೆಗೆ ಬಂದು ಅವ್ವ ಎಲ್ಲಿ ಅಂದ. ಮೈಸೂರಿಗೆ ಹೋಗಿದ್ದಾರೆ ಅಂದೆವು. ಆ ಕ್ಷಣಕ್ಕೆ ಅದು ಸುಲಭದ ಉತ್ತರ.

ಮೈಸೂರಿಗೆ ಹೋದವರು ಬಸ್ಸಿನಲ್ಲಿ ವಾಪಸ್ ಬರಬೇಕು, ಅಲ್ವಾ? ಅವನು ಮರುದಿನದಿಂದ ಬಸ್ ಸ್ಟಾಪಿಗೆ ಹೋಗತೊಡಗಿದ. ಕೆಂಪು ಬಸ್ ನಿಂತಾಗಲೆಲ್ಲ ಬಾಗಿಲ ಹತ್ತಿರ ಹೋಗಿ ಒಳಗೆ ಇಣುಕುವುದು. ‘ಅವ್ವ ಬಸ್’ ಅನ್ನುವುದು. ಕಂಡಕ್ಟರ್ ಒಬ್ಬರು ಪಾಪ, ದಿನಾ ‘ನಾಳೆ ಬರ್ತಾರೆ’ ಅನ್ನುತ್ತಿದ್ದರಂತೆ. ಹೀಗೆ ಊರಿಗೆ ಊರೇ ಸೇರಿ ಒಬ್ಬನಿಗೆ ಸುಳ್ಳು ಹೇಳಿದೆವು. ಯಾರ ಮನಸ್ಸಿನಲ್ಲೂ ಕೆಡುಕು ಇರಲಿಲ್ಲ.

ಎರಡು ತಿಂಗಳಲ್ಲಿ ಅವನು ಬೇರೆಯೇ ಮನುಷ್ಯನಾದ. ಕಣದ ಕಡೆ ತಲೆ ಹಾಕಲಿಲ್ಲ. ಊಟ ಬಿಟ್ಟ. ರಾತ್ರಿ ನಿದ್ದೆ ಇಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದ. ಅಂಗೈಯಿಂದ ಹಣೆಗೆ ಹೊಡೆದುಕೊಳ್ಳುವುದು, ತಟ್ಟೆ ಎಸೆಯುವುದು. ಒಂದು ಸಲ ನನ್ನನ್ನೇ ತಳ್ಳಿದ. ಸಂಜೆ ಮಾತ್ರ ಗಂಬೂಟು ಎತ್ತಿ, ಇಲ್ಲದ ಮಣ್ಣು ಕೊಡವಿ, ಜಗಲಿಯಲ್ಲಿ ಇಡುತ್ತಿದ್ದ.

ಜಿಲ್ಲೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವುದು ಅಂತ ಹೇಳುವುದಿಲ್ಲ, ಒಬ್ಬರ ಮೇಲೆ ದೂರು ಕೊಡುವುದು ನನ್ನ ಉದ್ದೇಶ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೂತವರಿಗೆ ಹನ್ನೆರಡೂವರೆಗೆ ಕರೆ ಬಂತು. ಆ ಗದ್ದಲದಲ್ಲಿ ಮೂರೂವರೆ ಗಂಟೆ ಕೂತು ಅವನು ಆಗಲೇ ಕೂಗಾಡುತ್ತಿದ್ದ. ಒಳಗೆ ಮೂರು ನಿಮಿಷ. ವೈದ್ಯರು ಅವನ ಮುಖ ನೋಡಿದರು, ಕಾರ್ಡ್ ನೋಡಿದರು, ಪ್ರಶ್ನೆ ನನಗೆ ಕೇಳಿದರು. ‘ಬುದ್ಧಿಮಾಂದ್ಯ ಅಲ್ವಾ, ಇವರಿಗೆ ಇದೆಲ್ಲ ಇದ್ದದ್ದೇ. ಶಾಂತವಾಗಿರಲು ಮಾತ್ರೆ ಕೊಡ್ತೀನಿ’ ಅಂದರು.

ಶಾಂತನಾದ. ಹೇಗೆ ಅಂದರೆ, ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ. ಬಾಯಿಯಿಂದ ಜೊಲ್ಲು. ಕೈ ನಡುಗಿ ಚಮಚ ಬೀಳುತ್ತಿತ್ತು. ಹೊಟ್ಟೆ ಕಟ್ಟಿಕೊಂಡು ಮೂರು ನಾಲ್ಕು ದಿನ ಒದ್ದಾಡುತ್ತಿದ್ದ. ಮಾತ್ರೆ ಚೀಟಿ ತೋರಿಸಿದರೆ ಅದನ್ನೇ ಮುಂದುವರಿಸಿ ಅನ್ನುತ್ತಿದ್ದರು. ಏಳು ತಿಂಗಳು ಹೀಗೇ ಹೋಯಿತು. ನೆಂಟರು ಬಂದು ‘ಪರವಾಗಿಲ್ಲ, ಈಗ ಗಲಾಟೆ ಇಲ್ಲ’ ಅಂದರು.

ಅವನಿಗೆ ಹಿಂದೆ ಪಾಠ ಮಾಡಿದ ವಿಶೇಷ ಶಾಲೆಯ ಟೀಚರ್ ಒಂದು ದಿನ ಮನೆಗೆ ಬಂದರು. ಅವನನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅವರ ಒತ್ತಾಯಕ್ಕೆ ಬೆಂಗಳೂರಿಗೆ ಹೊರಟೆವು. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ. ಅವನನ್ನು ಏಳೆಂಟು ಗಂಟೆ ಬಸ್ಸಿನಲ್ಲಿ ಕೂರಿಸುವುದು ಎಂದರೇನು ಅಂತ ಕರೆದುಕೊಂಡು ಹೋದವರಿಗೇ ಗೊತ್ತು. ಅದೂ ಬಸ್ ಅಂದರೆ ಅವ್ವ ಇದ್ದಾರೆ ಅಂದುಕೊಂಡವನನ್ನು.

ಅಲ್ಲಿನ ವೈದ್ಯೆ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತರು. ಹೆಸರು ಕೇಳಿ ಸುಮ್ಮನಾದರು. ಅರ್ಧ ನಿಮಿಷ ಆದ ಮೇಲೆ ಅವನು ಹೆಸರು ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ‘ಈ ಒಂದು ವರ್ಷದಲ್ಲಿ ಮನೆಯಲ್ಲಿ ಏನು ಬದಲಾವಣೆ ಆಯ್ತು?’ ಎಂದು ಕೇಳಿದರು.

ನಾನು ಹೇಳಿದೆ: ‘ಏನೂ ಇಲ್ಲ ಮೇಡಂ. ಅವ್ವ ತೀರಿಕೊಂಡರು ಅಷ್ಟೇ.’

‘ಅಷ್ಟೇ’ ಅಂತ ಅವರು ಮೆಲ್ಲಗೆ ಹೇಳಿ ಬರೆದುಕೊಂಡರು. ಆ ಒಂದು ಪದ ಕೇಳಿ ನನಗೆ ಬೆವರು ಬಂತು. ನಾನು ಆ ಏಳು ತಿಂಗಳಲ್ಲಿ ತೋಟದ ಬೇಲಿ ಹತ್ತಿರ ಹೋಗಿ ಅದೆಷ್ಟು ಸಲ ಅತ್ತಿದ್ದೇನೋ. ಅವನಿಗೂ ಅಳು ಇರಬಹುದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆ ಇತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಸಾಮಾನ್ಯ, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕಂತೆ. ಥೈರಾಯ್ಡ್ ಕಡಿಮೆಯಾದರೆ ಮಂಕು, ನಿಧಾನ, ಬೇಸರ ಎಲ್ಲ ಬರುತ್ತದೆ. ಬಾಯಿ ನೋಡಿದರೆ ಒಂದು ದವಡೆ ಹಲ್ಲು ಪೂರ್ತಿ ಹುಳುಕು. ಹಣೆಗೆ ಹೊಡೆದುಕೊಳ್ಳುತ್ತಿದ್ದದ್ದು ಯಾವ ನೋವಿಗೆ, ಹಲ್ಲಿಗೋ ಅವ್ವನಿಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಳೆಯ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಬಾರದು ಅಂದರು. ಅವರೇ ವಾರ ವಾರ ಲೆಕ್ಕ ಹಾಕಿ ಕಡಿಮೆ ಮಾಡುತ್ತಾ ಬಂದರು.

ಊರಿಗೆ ಬಂದ ಮೇಲೆ ಅವರು ಹೇಳಿಕೊಟ್ಟ ಹಾಗೆ ಫೋಟೋ ಆಲ್ಬಂ ಇಟ್ಟುಕೊಂಡು ಕೂತೆವು. ‘ಸತ್ತರು’ ಅನ್ನುವ ಪದವನ್ನೇ ಹೇಳಬೇಕು, ನಿದ್ದೆ ಮಾಡ್ತಿದ್ದಾರೆ, ದೂರ ಹೋದರು ಅಂತೆಲ್ಲ ಹೇಳಬಾರದು ಅಂದಿದ್ದರು. ಹೇಳಿದೆ. ತೋಟದಲ್ಲಿ ಅವ್ವನನ್ನು ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದೆ. ಆಮೇಲೆ ಭಾಗಮಂಡಲಕ್ಕೆ. ಸಂಗಮದ ನೀರಿನಲ್ಲಿ ಅವನು ಬಹಳ ಹೊತ್ತು ನಿಂತಿದ್ದ. ಅತ್ತ. ನಾನೂ ಅತ್ತೆ. ಅವ್ವ ಹೋಗಿ ಹತ್ತು ತಿಂಗಳಾದ ಮೇಲೆ ಅವನು ಮೊದಲ ಸಲ ಅತ್ತದ್ದು. ಈಗಲೂ ಸಂಜೆ ಗಂಬೂಟು ಜೋಡಿಸಿ ಇಡುತ್ತಾನೆ. ಆದರೆ ಬಸ್ ಸ್ಟಾಪಿಗೆ ಹೋಗುವುದಿಲ್ಲ. ಈ ಸಲದ ಕುಯ್ಲಿಗೆ ಕಣಕ್ಕೆ ಇಳಿದ.

ಮಾನ್ಯರೇ, ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ‘ಇವರಿಗೆ ಇದೆಲ್ಲ ಇದ್ದದ್ದೇ’ ಅನ್ನುವ ಮಾತು ಇದೆಯಲ್ಲ, ಅದೇ ನನ್ನ ದೂರು. ಜ್ವರ ಬಂದರೂ ಅದೇ ಮಾತು, ಹಲ್ಲು ನೋವಿಗೂ ಅದೇ, ದುಃಖಕ್ಕೂ ಅದೇ. ಬುದ್ಧಿ ಬೆಳವಣಿಗೆಯ ಕೊರತೆ ಒಂದು. ಮನಸ್ಸಿಗೆ ಬರುವ ಕಾಯಿಲೆ ಇನ್ನೊಂದು. ಎರಡೂ ಒಬ್ಬರಿಗೇ ಇರಬಹುದು. ಮೊದಲನೆಯದು ಇರುವವರಿಗೆ ಎರಡನೆಯದು ಬರುವುದು ಬೇರೆಯವರಿಗಿಂತ ಜಾಸ್ತಿ ಅಂತ ವೈದ್ಯರೇ ಹೇಳುತ್ತಾರೆ. ಖಿನ್ನತೆ ಬಂದರೆ ಅವರು ‘ನನಗೆ ಬೇಸರ’ ಅಂತ ಹೇಳಲಾರರು. ತಟ್ಟೆ ಎಸೆಯುತ್ತಾರೆ.

ಕಾನೂನಿನಲ್ಲೂ ಒಂದು ಗೊಂದಲ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ಮಾನಸಿಕ ಕಾಯಿಲೆ’ ಅನ್ನುವುದರ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಹೊರಗಿಟ್ಟಿದ್ದಾರೆ. ಅದು ಸರಿಯೇ, ಬುದ್ಧಿಮಾಂದ್ಯ ಕಾಯಿಲೆ ಅಲ್ಲ. ಆದರೆ ಕೌಂಟರಿನಲ್ಲಿ ಕೂತವರು ಇದನ್ನು ಓದಿಕೊಳ್ಳುವುದೇ ಬೇರೆ ಥರ. ‘ನಿಮ್ಮವರದ್ದು ಮಾನಸಿಕ ಕಾಯಿಲೆ ಅಲ್ಲ ಅಮ್ಮಾ, ಇದಕ್ಕೆ ಟ್ರೀಟ್‌ಮೆಂಟ್ ಇಲ್ಲ’ ಅಂತ ನನಗೆ ಒಂದು ಕಡೆ ಹೇಳಿದರು. ಬುದ್ಧಿಮಾಂದ್ಯ ಇರುವವರಿಗೆ ಮಾನಸಿಕ ಕಾಯಿಲೆ ಬರುವುದಿಲ್ಲ ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮೂರೂ ಬೇರೆ ಬೇರೆಯಾಗಿವೆ. ನಮ್ಮಲ್ಲಿ ಕಲಿಕಾ ನ್ಯೂನತೆ ಅಂದರೆ ಓದು ಬರಹಕ್ಕೆ ತೊಡಕಾಗುವ ಡಿಸ್ಲೆಕ್ಸಿಯಾ ಥರದ್ದು. ಬ್ರಿಟನ್ನಿನಲ್ಲಿ ನನ್ನ ತಮ್ಮನಿಗೆ ಇರುವುದನ್ನೇ ‘ಲರ್ನಿಂಗ್ ಡಿಸೆಬಿಲಿಟಿ’ ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕುವ ಮನೆಯವರು ಇಲ್ಲೇ ದಾರಿ ತಪ್ಪುತ್ತಾರೆ, ನಾನೂ ತಪ್ಪಿದ್ದೆ.

ಆ ದೇಶದ ಮಾತು ಬಂತು ಅಂತ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಇಂಥವರಿಗೆ 14 ವರ್ಷ ತುಂಬಿದ ಮೇಲೆ ಊರಿನ ವೈದ್ಯರ ಹತ್ತಿರವೇ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆಗೆ ಅವಕಾಶ ಇದೆ. ಸರಿಯಾದ ಕಾರಣ ಇಲ್ಲದೆ ಮನಸ್ಸಿನ ಮೇಲೆ ಕೆಲಸ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿರುವ ಇಂಥ ವಯಸ್ಕರು ಅಲ್ಲಿ 30,000ದಿಂದ 35,000 ಇದ್ದಾರೆ ಎಂದು 2015ರಲ್ಲಿ ಅವರ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿತು. ಮರುವರ್ಷ ಅದನ್ನು ಕಡಿಮೆ ಮಾಡಲು ‘ಸ್ಟಾಂಪ್’ ಅನ್ನುವ ಅಭಿಯಾನ ಶುರುವಾಯಿತು. ಅವರು ಎಣಿಸಿದರು, ಅದಕ್ಕೇ ಗೊತ್ತಾಯಿತು. ನಾವೂ ಎಣಿಸಬೇಕು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಕಡಿಮೆ ಜನ ಇರುವ ಜಿಲ್ಲೆ ನಮ್ಮದು. ಇಲ್ಲಿ ಎಣಿಸಲು ಆಗದಿದ್ದರೆ ಇನ್ನೆಲ್ಲಿ ಆಗುತ್ತದೆ?

ನನ್ನ ಮೊದಲ ಕೋರಿಕೆ ದುಡ್ಡು ಜಾಸ್ತಿ ಬೇಡುವಂಥದ್ದಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ಇಟ್ಟಿದ್ದಾರೆ. ಒಳ್ಳೆಯ ಯೋಜನೆ. ತಿಂಗಳಿಗೆ ಒಂದು ಮಂಗಳವಾರ, ಬೆಳಗಿನ ಮೊದಲ ಒಂದು ಗಂಟೆಯನ್ನು ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಮೀಸಲಿಡಿಸಿ. ಗದ್ದಲ ಶುರುವಾಗುವ ಮೊದಲು ಅವರನ್ನು ನೋಡಿ ಕಳಿಸಲಿ. ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಅಂತ 2016ರ ಕಾಯ್ದೆಯ 25ನೇ ಕಲಂನಲ್ಲೇ ಇದೆ, ನಾನು ಹೊಸದಾಗಿ ಕೇಳುತ್ತಿಲ್ಲ. ಸ್ವಭಾವ ಬದಲಾಗಿದೆ ಅಂತ ಕರೆತಂದವರಿಗೆ ಮಾತ್ರೆ ಬರೆಯುವ ಮೊದಲು ಹಲ್ಲು, ಕಿವಿ, ಹೊಟ್ಟೆ, ಥೈರಾಯ್ಡ್ ನೋಡಲಿ. ಮನೆಯಲ್ಲಿ ಏನು ಬದಲಾಯಿತು ಅಂತ ಕೇಳಲಿ. ಬರೆದ ಮಾತ್ರೆ ಇನ್ನೂ ಬೇಕಾ ಬೇಡವಾ ಅಂತ ಮೂರು ತಿಂಗಳಿಗೊಮ್ಮೆ ನೋಡಲಿ. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬೇಗ ಬರಬಹುದು, ಅದನ್ನೂ ‘ಇದ್ದದ್ದೇ’ ಅಂತ ತಳ್ಳಿಬಿಟ್ಟರೆ ಕಷ್ಟ. ನನಗೆ ಇದು ಹತ್ತಿರದ ಭಯ.

14416ಕ್ಕೆ ಫೋನ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನನ್ನಂಥ ಅಕ್ಕತಂಗಿಯರಿಗೆ, ತಾಯಂದಿರಿಗೆ ಅದು ಬೇಕೇ ಬೇಕು, ನಮ್ಮ ಮನಸ್ಸೂ ಸವೆದಿರುತ್ತದೆ. ಆದರೆ ಎರಡು ಪದದಲ್ಲಿ ಮಾತಾಡುವವನ ಸಂಕಟ ಫೋನಿನಲ್ಲಿ ಕೇಳಿಸುವುದಿಲ್ಲ. ಅವನನ್ನು ನೋಡಬೇಕು. ನೋಡಲು ಮನೆಗೆ ಬರುವವರು ಯಾರು? ಆಶಾ ಕಾರ್ಯಕರ್ತೆಯರು ಬರುತ್ತಾರೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬರುತ್ತಾರೆ. ಅವರಿಗೆ ಒಂದು ದಿನದ ತರಬೇತಿ ಕೊಡಿಸಿ. ಮನೆಯಲ್ಲಿ ಸಾವಾದಾಗ ಇಂಥವರಿಗೆ ಹೇಗೆ ಹೇಳಬೇಕು, ಯಾವ ಬದಲಾವಣೆ ಕಂಡರೆ ಮಂಗಳವಾರದ ಕ್ಲಿನಿಕ್ಕಿಗೆ ಕಳಿಸಬೇಕು, ಇಷ್ಟು ಸಾಕು. ಚಿತ್ರ ಇರುವ ಒಂದು ಹಾಳೆ ಇರಲಿ. ಕನ್ನಡದಲ್ಲಿ ಇರಲಿ, ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಇರಲಿ. ದುಃಖದ ಮಾತು ಮನೆಭಾಷೆಯಲ್ಲೇ ಹೇಳಬೇಕು. ಸಾವಿನ ಸುದ್ದಿಯನ್ನು ನಾನು ಅವನಿಗೆ ಹೇಳಿದ್ದು ಅರೆಭಾಷೆಯಲ್ಲಿ.

ಇನ್ನೊಂದು ಮನೆಯ ವಿಷಯ ಹೇಳಬೇಕು. ನಮ್ಮ ಹತ್ತಿರದ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಬ್ಬ ತಾಯಿ ಇದ್ದಾಳೆ. ಮಗಳಿಗೆ 22 ವರ್ಷ, ಮಾತು ಬಾರದು. ತಾಯಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಾಳೆ. ನಾನು ಒಂದು ಸಲ ಕೇಳಿದೆ, ಹೀಗೆ ಮಾಡಬಹುದಾ ಅಂತ. ‘ಆನೆ ಬರ್ತದೆ ಅಕ್ಕ. ಆನೆ ಪರವಾಗಿಲ್ಲ, ಗಂಡಸರು ಬರ್ತಾರೆ’ ಅಂದಳು. ನಾನು ಮಾತಾಡಲಿಲ್ಲ. ಕಿಟಕಿಯ ಸರಳಿಗೆ ಒಂದು ಪ್ಲಾಸ್ಟಿಕ್ ಬಳೆ ತೂಗುಹಾಕಿದ್ದಳು. ಮಗಳು ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದಳು. ಇಡೀ ದಿನ ಅದೇ ಅಂತೆ. ಯಾರೇ ಆಗಲಿ, ಎಂಟು ಗಂಟೆ ಒಳಗೆ ಕೂಡಿಟ್ಟರೆ ತಲೆ ನೆಟ್ಟಗೆ ಇರುತ್ತದಾ?

ಮಕ್ಕಳಾಗಿದ್ದಾಗ ವಿಶೇಷ ಶಾಲೆ ಇರುತ್ತದೆ. ಸುಂಟಿಕೊಪ್ಪದಲ್ಲಿ ‘ಸ್ವಸ್ಥ’ದಂಥ ಕೇಂದ್ರ ಇರುವುದು ನಮ್ಮ ಪುಣ್ಯ. ಆದರೆ ಶಾಲೆಯ ವಯಸ್ಸು ಮುಗಿದ ಮೇಲೆ ಹೆಚ್ಚಿನವರು ಮನೆಯ ಮೂಲೆಗೆ ಬರುತ್ತಾರೆ. ಒಂದು ಹೋಬಳಿಗೆ ಒಂದು ಹಗಲು ಮನೆ ಮಾಡಿಸಿ. ದೊಡ್ಡ ಕಟ್ಟಡ ಬೇಡ. ಮುಚ್ಚಿದ ಒಂದು ಸರ್ಕಾರಿ ಶಾಲೆಯ ಕೋಣೆ, ಇಬ್ಬರು ಹೆಂಗಸರು, ಮಧ್ಯಾಹ್ನ ಊಟ, ಕೈಗೆ ಒಂದಿಷ್ಟು ಕೆಲಸ. ಕಾಳುಮೆಣಸು ಬಿಡಿಸುವುದು, ಏಲಕ್ಕಿ ಆರಿಸುವುದು, ಸಸಿಗೆ ಮಣ್ಣು ತುಂಬುವುದು ಇವರಲ್ಲಿ ಎಷ್ಟೋ ಜನ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಇಡುವ ಶೇ 5ರ ಹಣ ಇದೆ. ಅದರಲ್ಲಿ ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ನನ್ನ ತಮ್ಮನಿಗೆ ಗಾಲಿಕುರ್ಚಿ ಬೇಡ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು.

ಇನ್ನೆರಡು ವಿಷಯ ನೇರವಾಗಿ ನಿಮ್ಮ ಕುರ್ಚಿಗೇ ಸೇರಿದ್ದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ ಇರಬೇಕು. ಅಪ್ಪ ಅಮ್ಮ ಹೋದ ಮೇಲೆ ಇಂಥವರಿಗೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸುವುದು ಆ ಸಮಿತಿಯೇ. ಅದೇ ನ್ಯಾಸದ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯದ ಖರ್ಚು ಸಿಗುತ್ತದೆ, ಥೆರಪಿಗೂ ಸಿಗುತ್ತದೆ. ನನಗೆ ಇದೆರಡೂ ಗೊತ್ತಾದದ್ದು ಬೆಂಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತಾಯಿಯಿಂದ. ಸಮಿತಿಯ ಸಭೆ ಯಾವತ್ತು, ಅರ್ಜಿ ಎಲ್ಲಿ ಕೊಡಬೇಕು ಅನ್ನುವುದನ್ನು ಪ್ರತಿ ಪಂಚಾಯಿತಿಯ ಬೋರ್ಡಿನಲ್ಲಿ ಹಾಕಿಸಿ. ನಿರಾಮಯ ಅರ್ಜಿಗೆ ಐದು ತಾಲೂಕಿನಲ್ಲೂ ಒಂದೊಂದು ದಿನ ಶಿಬಿರ ಮಾಡಿಸಿ.

ಎರಡನೆಯದು ಮಳೆ. 2018ರ ಆಗಸ್ಟ್ ನಮಗೆ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟ ಜಾರಿದಾಗ ನಾವೂ ಮನೆ ಬಿಟ್ಟು ಒಂದು ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದೆವು. ಅಲ್ಲಿ ಹನ್ನೆರಡು ಹದಿಮೂರು ವರ್ಷದ ಒಬ್ಬ ಹುಡುಗ ಇದ್ದ, ಆಟಿಸಂ ಇತ್ತು. ಆ ಜನ, ಮೈಕು, ಟ್ಯೂಬ್‌ಲೈಟು ತಡೆಯಲಾರದೆ ಕಿರುಚುತ್ತಿದ್ದ. ಬೇರೆಯವರಿಗೆ ನಿದ್ದೆ ಇಲ್ಲ ಅಂತ ಜಗಳ ಆಯಿತು. ಕೊನೆಗೆ ಅವನ ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ವರಾಂಡದಲ್ಲಿ, ಎರಚಲು ಮಳೆಯಲ್ಲೇ ರಾತ್ರಿ ಕಳೆದರು. ಅಂಗವಿಕಲರ ವಿವರ ಇಟ್ಟುಕೊಂಡು ಅಪಾಯದ ಮುನ್ಸೂಚನೆ ಕೊಡುವುದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೆಲಸ ಅಂತ 2016ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಆ ಪ್ರಾಧಿಕಾರದ ಅಧ್ಯಕ್ಷರು ನೀವೇ. ಪ್ರತಿ ಪರಿಹಾರ ಕೇಂದ್ರದಲ್ಲಿ ಒಂದು ಸಣ್ಣ, ಕತ್ತಲೆ ಮಾಡಬಹುದಾದ, ಸದ್ದಿಲ್ಲದ ಕೋಣೆಯನ್ನು ಇವರಿಗಾಗಿ ಮೊದಲೇ ಗುರುತು ಮಾಡಿಡಿ. 2018ರ ನಂತರ ಇವತ್ತಿಗೂ ಜೋರು ಮಳೆ ಬಂದರೆ ನನ್ನ ತಮ್ಮ ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಅದು ಬುದ್ಧಿಮಾಂದ್ಯ ಅಲ್ಲ, ಭಯ. ನನಗೂ ಅದೇ ಭಯ ಇದೆ, ಚೀಲ ತುಂಬುವುದಿಲ್ಲ ಅಷ್ಟೇ.

ಜೂನ್ ಬರುವ ಮೊದಲು ಪ್ರಾಧಿಕಾರ ಇಡಬೇಕಾದ ಆ ಅಂಗವಿಕಲರ ಪಟ್ಟಿಗೆ ತಮ್ಮನ ಹೆಸರು ಸೇರಿಸಬೇಕು. ಯಾವ ಕಚೇರಿಗೆ, ಯಾವ ದಿನ ಬರಬೇಕು ಅಂತ ತಿಳಿಸಿದರೆ ಬರುತ್ತೇನೆ. ಲೈನ್ ಮನೆಯ ಆ ತಾಯಿಯನ್ನೂ ಮಗಳನ್ನೂ ಕರೆತರಲು ನೋಡುತ್ತೇನೆ, ಅವಳಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ತಮ್ಮ ನನ್ನ ಜೊತೆ ಬರುತ್ತಾನೆ. ಏನಾದರೂ ಕೇಳುವುದಿದ್ದರೆ ಅವನನ್ನೇ ಕೇಳಿ. ಉತ್ತರ ಕೊಡಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ಮಾದಾಪುರ ಕಡೆಯ ಒಬ್ಬ ಅಕ್ಕ